ಮಣ್ಣಿಗೆ ಅಂಟಿದ ವಿಷ, ನೀರಿಗಿಳಿದ ವಿಷ

ಕೇಳುಗರೆಲ್ಲರಿಗೂ ನಮಸ್ಕಾರ.

ನೀರು ಕೆಟ್ಟಿದೆ, ಮಣ್ಣು ಕೆಟ್ಟಿದೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ವಿಷ ಎಷ್ಟಿದೆ? ಕೇಳಿ, ಬೇಡ ಅನ್ನುವುದಿಲ್ಲ. ಆದರೆ ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು. ಆ ವಿಷ ಮಣ್ಣಿಗೆ ಅಂಟಿಕೊಂಡಿದೆಯೋ, ನೀರಿನಲ್ಲಿ ಕರಗಿದೆಯೋ? ಅಂಟಿಕೊಂಡಿದ್ದರೆ ಅದು ಸುಮ್ನೆ ಬಿದ್ದಿರುತ್ತದೆ. ಕರಗಿದರೆ ನಮ್ಮ ಹೊಟ್ಟೆಗೆ ಬರುತ್ತದೆ.

ಬಾಂಗ್ಲಾದೇಶದಲ್ಲಿ ಏನಾಯಿತು ನೋಡಿ. ಅಲ್ಲಿನ ಹಳ್ಳಿಗಳಲ್ಲಿ ಕೆರೆ, ಹೊಂಡದ ನೀರು ಕುಡಿದು ವಾಂತಿಭೇದಿಯಿಂದ ಮಕ್ಕಳು ಸಾಯುತ್ತಿದ್ದರು. ಅದನ್ನು ತಪ್ಪಿಸಲು 1970ರ ದಶಕದಿಂದ ಊರೂರಲ್ಲೂ ಕೊಳವೆಬಾವಿ ಕೊರೆದು ಕೈಪಂಪು ಹಾಕಿದರು. ನೀರು ತಿಳಿಯಾಗಿತ್ತು, ವಾಸನೆ ಇರಲಿಲ್ಲ, ರೋಗಾಣುಗಳ ಕಾಟವೂ ಕಡಿಮೆಯಾಯಿತು. ಆದರೆ ವರ್ಷಗಳು ಕಳೆದ ಮೇಲೆ ಜನರ ಮೈಮೇಲೆ ಕಪ್ಪು ಚುಕ್ಕೆಗಳು ಎದ್ದವು. ಅಂಗೈ, ಅಂಗಾಲು ಒರಟಾಗಿ ಗಂಟು ಕಟ್ಟಿದವು. 1993ರಲ್ಲಿ ಚಾಪೈ ನವಾಬ್‌ಗಂಜ್‌ನ ಬಾವಿ ನೀರಿನಲ್ಲಿ ಆರ್ಸೆನಿಕ್ ಅನ್ನುವ ವಿಷ ಪತ್ತೆಯಾಯಿತು. ಆಮೇಲೆ ಹುಡುಕಿದಷ್ಟೂ ಸಿಗುತ್ತಾ ಹೋಯಿತು. ಕೋಟಿಗಟ್ಟಲೆ ಜನ ಅದೇ ನೀರು ಕುಡಿಯುತ್ತಿದ್ದರು.

ಯಾವ ಕಾರ್ಖಾನೆ ಸುರಿದದ್ದು ಅಂತ ನೀವು ಕೇಳಬಹುದು. ಯಾವುದೂ ಅಲ್ಲ! ಹಿಮಾಲಯದಿಂದ ನದಿಗಳು ಹೊತ್ತು ತಂದ ಮರಳಿನ ಕಣಗಳ ಮೇಲೆ ಕಬ್ಬಿಣದ ತುಕ್ಕು ಇತ್ತು. ಆ ತುಕ್ಕಿಗೆ ಆರ್ಸೆನಿಕ್ ಗಟ್ಟಿಯಾಗಿ ಅಂಟಿತ್ತು. ಮರಳಿನ ಜೊತೆಗೆ ಎಲೆ, ಬೇರು, ಕೊಳೆತ ಗಿಡವೂ ಹೂತುಹೋದವು. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಮೊದಲು ಅಲ್ಲಿದ್ದ ಆಮ್ಲಜನಕವನ್ನೆಲ್ಲ ಮುಗಿಸಿದವು. ಆಮೇಲೆ ಉಸಿರಾಟಕ್ಕೆ ತುಕ್ಕನ್ನೇ ಬಳಸಿಕೊಂಡವು. ತುಕ್ಕು ಕರಗಿತು, ಅದಕ್ಕೆ ಅಂಟಿದ್ದ ಆರ್ಸೆನಿಕ್ ನೀರಿಗಿಳಿಯಿತು. ಹೊಸದಾಗಿ ಒಂದು ಚೂರೂ ಬಂದಿರಲಿಲ್ಲ. ಮಣ್ಣಿಗೆ ಅಂಟಿದ್ದು ಬಿಟ್ಟುಕೊಂಡಿತು, ಅಷ್ಟೇ.

ಕುದಿಸಿದರೆ ಹೋಗಲ್ವಾ ಅಂತ ಎಲ್ಲ ಕಡೆ ಕೇಳುತ್ತಾರೆ. ಹೋಗುವುದಿಲ್ಲ. ಕುದಿಸಿದಷ್ಟೂ ನೀರು ಆವಿಯಾಗುತ್ತದೆ, ಉಳಿದ ನೀರಿನಲ್ಲಿ ಆರ್ಸೆನಿಕ್ ಜಾಸ್ತಿಯಾಗುತ್ತದೆ. ಅದೇ ನೀರನ್ನು ಒಂದು ಬಕೆಟ್‌ನಲ್ಲಿ ಹಿಡಿದು ಗಾಳಿಗೆ ಇಡಿ. ಕಬ್ಬಿಣ ಜಾಸ್ತಿ ಇದ್ದರೆ ತಳದಲ್ಲಿ ಕೆಂಪು ಗಸಿ ಕೂರುತ್ತದೆ. ಕಬ್ಬಿಣ ಮತ್ತೆ ತುಕ್ಕಾಯಿತು, ಒಂದಷ್ಟು ಆರ್ಸೆನಿಕ್ ಮತ್ತೆ ಅದಕ್ಕೆ ಅಂಟಿತು. ಎಷ್ಟು ಚೆಂದದ ರಸಾಯನಶಾಸ್ತ್ರ, ಅಲ್ವಾ? ಆರ್ಸೆನಿಕ್ ತೆಗೆಯುವ ಎಷ್ಟೋ ಫಿಲ್ಟರುಗಳು ಕೆಲಸ ಮಾಡುವುದೇ ಹೀಗೆ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಭತ್ತದ ಗದ್ದೆಯಲ್ಲಿ ನೀರು ನಿಂತರೆ ಆರ್ಸೆನಿಕ್ ಬಿಟ್ಟುಕೊಳ್ಳುತ್ತದೆ. ಗದ್ದೆ ಒಣಗಿದರೆ ಕ್ಯಾಡ್ಮಿಯಂ ಅನ್ನುವ ಇನ್ನೊಂದು ವಿಷದ ಲೋಹ ಬಿಟ್ಟುಕೊಳ್ಳುತ್ತದೆ. ಮಣ್ಣು ಹುಳಿಯಾದರೂ ಕ್ಯಾಡ್ಮಿಯಂ ಸಡಿಲವಾಗುತ್ತದೆ, ಸುಣ್ಣ ಹಾಕಿದರೆ ಮಣ್ಣು ಅದನ್ನು ಹಿಡಿದುಕೊಳ್ಳುತ್ತದೆ. ಗೊಬ್ಬರದ ನೈಟ್ರೇಟ್ ಮಣ್ಣಿಗೆ ಅಂಟುವುದೇ ಅಪರೂಪ, ಮಳೆ ಬಂದರೆ ನೇರ ಅಂತರ್ಜಲಕ್ಕೆ ಇಳಿಯುತ್ತದೆ.

ಬಾವಿ ನೀರನ್ನು ಪರೀಕ್ಷೆಗೆ ಕೊಡುವವರಿಗೆ ಒಂದು ಮಾತು. ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಆರ್ಸೆನಿಕ್ ನೋಡಿ ಅಂತ ಹೆಸರು ಹೇಳಿಯೇ ಕೇಳಿ. ಬಾಟಲಿಯನ್ನು ಪ್ರಯೋಗಾಲಯದಿಂದಲೇ ತನ್ನಿ. ಅವರು ಸಾಮಾನ್ಯವಾಗಿ ಅದರಲ್ಲಿ ಸ್ವಲ್ಪ ನೈಟ್ರಿಕ್ ಆಮ್ಲ ಹಾಕಿರುತ್ತಾರೆ, ತೊಳೆದು ಚೆಲ್ಲಬೇಡಿ, ಕೈಗೂ ತಾಗಿಸಿಕೊಳ್ಳಬೇಡಿ. ಆಮ್ಲ ಇಲ್ಲದಿದ್ದರೆ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂರುತ್ತದೆ, ಆರ್ಸೆನಿಕ್ ಅದರ ಜೊತೆಗೆ ಹೋಗುತ್ತದೆ. ಮೇಲಿನ ತಿಳಿನೀರನ್ನು ಅಳೆದು, ಏನೂ ತೊಂದರೆ ಇಲ್ಲ ಅಂತ ವರದಿ ಕೊಟ್ಟುಬಿಡುತ್ತಾರೆ. ನಮಸ್ಕಾರ.