ಕುರಿ ನಿಲ್ಲಿಸುವ ಮೊದಲು ಪಕ್ಕದ ಹೊಲದವರನ್ನು ಕೇಳಿದಿರಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಗಾರು ಬೆಳೆಯ ಸುಗ್ಗಿ ಮುಗಿಯುತ್ತಾ ಬಂತು. ಇನ್ನೇನು ಕುರಿ ಹಿಂಡುಗಳು ನಿಮ್ಮ ಊರಿನ ದಾರಿ ಹಿಡಿಯುತ್ತವೆ. ಕುದುರೆ ಮೇಲೆ ಗಂಟುಮೂಟೆ, ಅದರ ಮೇಲೆ ಮೊನ್ನೆ ಹುಟ್ಟಿದ ಮರಿ, ಹಿಂದೆ ಎರಡು ನಾಯಿ. ಬೆಳಗಾವಿ, ಬಾಗಲಕೋಟೆ, ಕೊಪ್ಪಳ, ಬಳ್ಳಾರಿ ಕಡೆ ಕೇಳುತ್ತಿರುವವರಿಗೆ ನಾನು ಇದನ್ನು ಬಣ್ಣಿಸಬೇಕಿಲ್ಲ. ನಾನು ಪಶುವೈದ್ಯ, ಈ ಹಿಂಡುಗಳ ಹಿಂದೆ ಮೂವತ್ತು ವರ್ಷ ಓಡಾಡಿದವನು. ಇವತ್ತು ಒಂದೇ ಮಾತು ಹೇಳಬೇಕು ಅಂತ ಬಂದಿದ್ದೇನೆ. ಹೊಲದಲ್ಲಿ ಕುರಿ ನಿಲ್ಲಿಸುವ ಮೊದಲು ಪಕ್ಕದ ಹೊಲದವರನ್ನೂ ಮಾತಿಗೆ ಕೂರಿಸಿ. ಅಷ್ಟೇ.

ಕುರಿ ನಿಲ್ಲಿಸುವುದು, ಕೆಲವು ಕಡೆ ತರುಬುವುದು ಅಂತಾರೆ, ಎಷ್ಟು ಒಳ್ಳೆಯ ಪದ್ಧತಿ ನೋಡಿ. ರಾತ್ರಿ ಬಲೆ ಕಟ್ಟಿ ಹಿಂಡನ್ನು ಹೊಲದಲ್ಲೇ ಮಲಗಿಸುತ್ತಾರೆ. ಹಿಕ್ಕೆಯೂ ಅಲ್ಲೇ, ಗಂಜಲವೂ ಅಲ್ಲೇ. ಗೊಬ್ಬರ ಹೇರುವ ಟ್ರ್ಯಾಕ್ಟರ್ ಬಾಡಿಗೆ ಇಲ್ಲ, ಹರಡುವ ಕೂಲಿ ಇಲ್ಲ. ಸಗಣಿಗಿಂತ ಕುರಿ ಹಿಕ್ಕೆಯಲ್ಲಿ ಸಾರಜನಕ ಜಾಸ್ತಿ. ಕುರಿಗಾರರಿಗೆ ಮೇವು, ಜೊತೆಗೆ ಒಂದಿಷ್ಟು ಕಾಳು ಅಥವಾ ದುಡ್ಡು. ಹಿಂದೆ ಜೋಳ ಅಳೆದು ಕೊಡುತ್ತಿದ್ದರು, ಈಗ ನೋಟು ಎಣಿಸುತ್ತಾರೆ. ಇಬ್ಬರಿಗೂ ಲಾಭ. ಹಾಗಾದರೆ ಜಗಳ ಎಲ್ಲಿಂದ ಬರುತ್ತೆ?

ಮೂರನೆಯವರಿಂದ. ಅವರನ್ನು ಯಾರೂ ಕೇಳಿರುವುದಿಲ್ಲವಲ್ಲ, ಅದಕ್ಕೆ.

ಹತ್ತು ಹದಿನೈದು ವರ್ಷದ ಹಿಂದೆ ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಆದದ್ದು ಹೇಳುತ್ತೇನೆ. ದೀಪಾವಳಿ ಕಳೆದಿತ್ತು. ಒಬ್ಬ ರೈತರು ಮೆಕ್ಕೆಜೋಳ ಕಿತ್ತು, ಮುನ್ನೂರು ಕುರಿಯ ಹಿಂಡನ್ನು ಮೂರು ರಾತ್ರಿಗೆ ಮಾತಾಡಿದರು. ಬದುವಿನ ಆಚೆ ಇನ್ನೊಬ್ಬರ ಮೂರು ಎಕರೆ ತೊಗರಿ. ಹಸಿರು ಕಾಯಿ ತುಂಬಿಕೊಂಡು ನಿಂತಿತ್ತು. ಮೊದಲ ಎರಡು ರಾತ್ರಿ ಏನೂ ಆಗಲಿಲ್ಲ. ಮೂರನೆಯ ರಾತ್ರಿ ತೋಳ ಬಂತು. ಆ ಕಡೆ ತೋಳದ ಕಾಟ ಹೊಸದೇನಲ್ಲ. ನಾಯಿ ಬೊಗಳಿದವು, ಕುರಿ ಬೆದರಿದವು, ಬಲೆ ಹರಿದುಕೊಂಡು ಕತ್ತಲಲ್ಲಿ ದಿಕ್ಕಾಪಾಲಾದವು. ಕುರಿಗಾರರು ತೋಳದ ಹಿಂದೆ ಹೋದರು, ಹಿಂಡಿನ ಅರ್ಧ ತೊಗರಿ ಒಳಗೆ ಹೋಯಿತು. ಬೆಳಗಾಗುವ ಹೊತ್ತಿಗೆ ಅರ್ಧ ಎಕರೆ ಬೋಳು.

ನನಗೆ ಫೋನ್ ಬಂದದ್ದು ಗಾಯವಾದ ಕುರಿಗೆ ಔಷಧಿ ಹಾಕಲು. ಹೋಗಿ ನೋಡಿದರೆ ಅಲ್ಲಿ ಕುರಿಗಿಂತ ಜನಕ್ಕೇ ಪೆಟ್ಟಾಗುವ ಹಾಗಿತ್ತು. ತೊಗರಿಯವರು ಎರಡು ಟಗರು, ಒಂದು ಕುದುರೆ ಹಿಡಿದು ತಮ್ಮ ಮನೆ ಮುಂದೆ ಕಟ್ಟಿದ್ದರು. ಹುಡುಗರ ಕೈಯಲ್ಲಿ ಬಡಿಗೆ. ಕುರಿಗಾರರ ಹೆಣ್ಣುಮಕ್ಕಳು ಮರಿಗಳನ್ನು ತಬ್ಬಿಕೊಂಡು ಅಳುತ್ತಾ ಕೂತಿದ್ದರು. ಕುರಿ ಕರೆಸಿದ ರೈತರು ಮಾತ್ರ ಸುಮ್ನೆ ನಿಂತಿದ್ದರು, ತಮಗೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುವ ಹಾಗೆ. ನನಗೆ ಸಿಟ್ಟು ಬಂದದ್ದು ಅವರ ಮೇಲೆಯೇ.

ಊರಿನ ಹಿರಿಯರು ಎಲ್ಲರನ್ನೂ ಕಟ್ಟೆಗೆ ಕರೆದರು. ಪೊಲೀಸ್ ಠಾಣೆಗೆ ಹೋಗೋಣ ಅಂತ ಯಾರೋ ಅಂದರು. ಆಗ ತೊಗರಿಯವರು ಕುರಿಗಾರರ ಕಡೆ ತಿರುಗಿಯೂ ನೋಡದೆ ಕುರಿ ಕರೆಸಿದ ರೈತರನ್ನು ಕೇಳಿದ ಒಂದು ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. 'ಅಣ್ಣಾ, ನನಗ್ಯಾಕ ಮೊದಲ ಹೇಳಲಿಲ್ಲ? ಹೇಳಿದ್ರ ನಾನೂ ಬಂದು ರಾತ್ರಿ ಕಾಯ್ತಿದ್ದೆ. ಇಲ್ಲಾ, ನನ್ನ ತೊಗರಿ ಕೊಯ್ಯೋತನ ತಡೀರಿ ಅಂತಿದ್ದೆ.' ಕಟ್ಟೆ ಮೇಲೆ ಯಾರೂ ಮಾತಾಡಲಿಲ್ಲ. ಹಿರಿಯ ಕುರಿಗಾರರು ಮೆಲ್ಲಗೆ ಅಂದರು, 'ಯಪ್ಪಾ, ನಿನ್ನ ತೊಗರಿ ಕೊಯ್ದಮ್ಯಾಲ ನಾಕು ರಾತ್ರಿ ನಿನ್ನ ಹೊಲದಾಗ ನಿಲ್ತೀವಿ. ಒಂದು ಪೈಸಾ ಬ್ಯಾಡ.' ಮೆಕ್ಕೆಜೋಳದವರು ಎರಡು ಚೀಲ ಕಾಳು ಕೊಡಲು ಒಪ್ಪಿದರು. ಮಧ್ಯಾಹ್ನದ ಹೊತ್ತಿಗೆ ಟಗರು, ಕುದುರೆ ವಾಪಸ್ ಬಂದವು. ಕಾಗದ ಇಲ್ಲ, ಸಹಿ ಇಲ್ಲ. ಕುರಿಗಾರರು ಮಾತಿನಂತೆ ಸಂಕ್ರಾಂತಿ ಆದಮೇಲೆ ಬಂದು ನಾಲ್ಕು ರಾತ್ರಿ ನಿಂತು ಹೋದರು.

ಮರುವರ್ಷ ನಾನೇ ಹೋಗಿ ನೋಡಿದೆ. ಆ ಊರಿನವರು ಹಳ್ಳದ ಆಚೆಯ ಹೊಲಗಳಿಗೆಲ್ಲ ಒಂದೇ ದಿನ ಗೊತ್ತು ಮಾಡಿದ್ದರು. ಕೊನೆಯ ತೊಗರಿ ಕೊಯ್ಯುವತನಕ ಯಾರೂ ಕುರಿ ಕರೆಸುವಂತಿಲ್ಲ. ಕುರಿಗಾರರಿಗೂ ಮೊದಲೇ ಫೋನ್ ಮಾಡಿ ತಿಳಿಸಿದ್ದರು. ಮತ್ತೆ ಜಗಳ ಆಗಲಿಲ್ಲ.

ಮೊದಲು ಇಷ್ಟು ತೊಂದರೆ ಯಾಕೆ ಇರಲಿಲ್ಲ ಅಂತೀರಾ? ಆಗ ಒಂದು ದಿಕ್ಕಿನ ಹೊಲಗಳಲ್ಲಿ ಹೆಚ್ಚುಕಡಿಮೆ ಒಂದೇ ಬೆಳೆ, ಒಂದೇ ಸುಗ್ಗಿ. ಈಗ ಒಬ್ಬರದು ಮೆಕ್ಕೆಜೋಳ, ಇನ್ನೊಬ್ಬರದು ಹತ್ತಿ, ಮತ್ತೊಬ್ಬರದು ತೊಗರಿ. ಒಂದು ಹೊಲ ಖಾಲಿ ಆದರೂ ಪಕ್ಕದ್ದು ಎರಡು ತಿಂಗಳು ನಿಂತಿರುತ್ತೆ. ಕುರಿಗೆ ಬದು ಗೊತ್ತಾಗುತ್ತಾ? ಇಬ್ಬರ ನಡುವಿನ ಮಾತು ಇವತ್ತಿನ ಬೇಸಾಯಕ್ಕೆ ಸಾಲುವುದಿಲ್ಲ. ಅದಕ್ಕೇ ಮತ್ತೆ ಹೇಳುತ್ತಿದ್ದೇನೆ, ಪಕ್ಕದ ಹೊಲದವರನ್ನು ಕೂರಿಸಿ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಸುಡಾನ್ ದೇಶದ ಪಶ್ಚಿಮಕ್ಕೆ ದಾರ್ಫುರ್ ಅಂತ ಒಂದು ಸೀಮೆ. ಅಲ್ಲಿನ ದನಗಾಹಿಗಳು, ಒಂಟೆ ಸಾಕುವವರು ಮಳೆಗಾಲದಲ್ಲಿ ಉತ್ತರಕ್ಕೆ ಹೋಗಿ ಸುಗ್ಗಿ ಆದಮೇಲೆ ದಕ್ಷಿಣಕ್ಕೆ ಇಳಿಯುತ್ತಾರೆ. ಕೊಯ್ದ ಹೊಲಗಳು ದನಕ್ಕೆ ತೆರೆದುಕೊಳ್ಳುವ ದಿನವನ್ನು ಅಲ್ಲಿ 'ತಲೈಗ್' ಅನ್ನುತ್ತಾರೆ. ಹಿರಿಯರು ಇಡೀ ಸೀಮೆಗೆ ಒಂದು ದಿನ ಸಾರುತ್ತಿದ್ದರು, ಅಲ್ಲಿತನಕ ದನ ಕಾಯುತ್ತಿದ್ದವು. 1980ರ ದಶಕದ ಬರಗಾಲ ದನಗಳನ್ನು ಬೇಗ ಬೇಗ ಕೆಳಗೆ ತಳ್ಳಿತು, ರೈತರು ಒಣ ದಂಟಿಗೂ ಬೇಲಿ ಹಾಕಿ ಮಾರತೊಡಗಿದರು, ಆ ದಿನದ ಮಾತು ಸಡಿಲವಾಯಿತು. 2003ರಲ್ಲಿ ಯುದ್ಧ ಹೊತ್ತಿಕೊಂಡಿತು. ಅದಕ್ಕೆ ಬೇರೆ ರಾಜಕೀಯ ಕಾರಣಗಳೂ ಇದ್ದವು. ಆದರೂ ಆಮೇಲೆ ಎಷ್ಟೋ ಊರುಗಳಲ್ಲಿ ರೈತರೂ ದನಗಾಹಿಗಳೂ ಸೇರಿದ ಬೆಳೆ ಕಾಯುವ ಸಮಿತಿಗಳು ಹುಟ್ಟಿಕೊಂಡವು. ಬೆಳೆ ಹಾಳಾದರೆ ಎರಡೂ ಕಡೆಯವರು ಒಟ್ಟಿಗೆ ಹೋಗಿ ನೋಡಿ, ಅಲ್ಲೇ ಪರಿಹಾರ ಕಟ್ಟುತ್ತಿದ್ದರು. 2023ರಿಂದ ಆ ದೇಶದಲ್ಲಿ ಮತ್ತೆ ದೊಡ್ಡ ಯುದ್ಧ. ಆ ಜನರನ್ನು ನೆನೆದರೆ ನನಗೆ ಸಂಕಟವಾಗುತ್ತೆ.

ಸಮಯ ಮುಗಿಯುತ್ತಾ ಬಂತು. ಗೋಮಾಳದ ಬಗ್ಗೆ ಎರಡೇ ಮಾತು. ನಮ್ಮ ಭೂಕಂದಾಯ ನಿಯಮದಲ್ಲಿ 100 ಜಾನುವಾರುಗಳಿಗೆ 30 ಎಕರೆ ಗೋಮಾಳ ಇರಬೇಕು ಅಂತಿದೆ. ನಿಮ್ಮ ಊರಲ್ಲಿ ಎಷ್ಟು ಉಳಿದಿದೆ ಅಂತ ಒಮ್ಮೆ ಪಂಚಾಯಿತಿಯಲ್ಲಿ ಕೇಳಿ ನೋಡಿ. 2019ರ ಗಣತಿಯಂತೆ ರಾಜ್ಯದಲ್ಲಿ 1 ಕೋಟಿ 10 ಲಕ್ಷದಷ್ಟು ಕುರಿಗಳಿವೆ. ಹುಲ್ಲು ಇಲ್ಲದಿದ್ದರೆ ಅವು ಎಲ್ಲಿಗೆ ಹೋಗಬೇಕು ಹೇಳಿ? ಕುರಿಗಾರರ ಮೇಲೆ ಕೈ ಮಾಡುವವರಿಗೆ ಕಾನೂನು ಇರಬೇಕು, ಖಂಡಿತ ಇರಬೇಕು. ಆದರೆ ಕಾನೂನು ಬರುವುದು ಏಟು ಬಿದ್ದಮೇಲೆ ಅಲ್ವಾ?

ಹಾಗಾಗಿ ಈ ಸಲ ಹಿಂಡು ಮಾತಾಡಿ ಬಂದ ದಿನವೇ, ಸಂಜೆ ಪಕ್ಕದ ಹೊಲದವರ ಮನೆಗೆ ಹೋಗಿ. ಅವರ ಬೆಳೆ ಯಾವಾಗ ಕೊಯ್ಲಿಗೆ ಬರುತ್ತೆ ಕೇಳಿ. ಕುರಿ ನೀರಿಗೆ ಯಾವ ಬದುವಿನ ಮೇಲೆ ಹೋಗಬೇಕು ಕೇಳಿ. ರಾತ್ರಿ ಕಾಯಲು ಯಾರು ಬರುತ್ತಾರೆ ಅಂತಲೂ ಕೇಳಿ. ಅವರು ಒಂದು ವಾರ ತಡೀರಿ ಅಂದರೆ ತಡೆಯಿರಿ. ಕುರಿಗಾರರ ನಂಬರ್ ಅವರಿಗೂ ಕೊಟ್ಟು ಬನ್ನಿ.

ನಮಸ್ಕಾರ.