ನೆನಪಿಲ್ಲ ಅನ್ನುವುದೂ ನಡೆದಿಲ್ಲ ಅನ್ನುವುದೂ

ನಮಸ್ಕಾರ. ಇವತ್ತು ಒಂದೇ ಒಂದು ದಿನದ ಬಗ್ಗೆ ಮಾತಾಡಬೇಕು ಅಂದುಕೊಂಡಿದ್ದೇನೆ. 2018ರ ಸೆಪ್ಟೆಂಬರ್ 27, ಗುರುವಾರ. ವಾಷಿಂಗ್ಟನ್‌ನಲ್ಲಿ ಅಮೆರಿಕದ ಸೆನೆಟ್‌ನ ನ್ಯಾಯಾಂಗ ಸಮಿತಿ ಕೂತಿತ್ತು. ಸುಪ್ರೀಂ ಕೋರ್ಟಿಗೆ ಅಧ್ಯಕ್ಷ ಟ್ರಂಪ್ ಹೆಸರಿಸಿದ್ದು ಬ್ರೆಟ್ ಕ್ಯಾವನಾ ಅವರನ್ನು. ಆ ನೇಮಕಕ್ಕೆ ಸೆನೆಟ್ ಒಪ್ಪಬೇಕಿತ್ತು. ಅವರ ಮೇಲೆ ಕ್ರಿಸ್ಟೀನ್ ಬ್ಲೇಸಿ ಫೋರ್ಡ್ ಎಂಬ ಮನಃಶಾಸ್ತ್ರದ ಪ್ರೊಫೆಸರ್ ಒಂದು ಆರೋಪ ಮಾಡಿದ್ದರು. 1982ರ ಬೇಸಿಗೆ, ಮೇರಿಲ್ಯಾಂಡ್‌ನ ಒಂದು ಮನೆ, ಹೈಸ್ಕೂಲ್ ಹುಡುಗರ ಒಂದು ಸಣ್ಣ ಕೂಟ. ಮಹಡಿಯ ಕೋಣೆಯಲ್ಲಿ, ಒಬ್ಬ ಸ್ನೇಹಿತನ ಎದುರೇ, ಕ್ಯಾವನಾ ತನ್ನನ್ನು ಹಾಸಿಗೆಗೆ ಒತ್ತಿಹಿಡಿದು, ಕಿರುಚದಂತೆ ಬಾಯಿ ಮುಚ್ಚಿದರು ಅಂತ. ಆಗ ಆಕೆಗೆ 15, ಆತನಿಗೆ 17.

ಬೆಳಗ್ಗೆ ಫೋರ್ಡ್ ಮಾತಾಡಿದರು. ಎಷ್ಟು ಖಚಿತ ಅಂತ ಕೇಳಿದರೆ ನೂರಕ್ಕೆ ನೂರು ಅಂದರು. ಎಲ್ಲಕ್ಕಿಂತ ಗಟ್ಟಿಯಾಗಿ ನೆನಪಿರುವುದು ಏನು ಅಂದರೆ, ಆ ಇಬ್ಬರು ಹುಡುಗರ ನಗು ಅಂದರು. ಮಧ್ಯಾಹ್ನ ಕ್ಯಾವನಾ ಬಂದರು. ಕೂಗಿದರು, ಅತ್ತರು, ಇದು ಏನೂ ನಡೆದಿಲ್ಲ ಅಂದರು. ಆ ಸಂಜೆಯೇ ಅರ್ಧ ದೇಶ ಆಕೆಯನ್ನು ನಂಬಿತ್ತು, ಅರ್ಧ ದೇಶ ಆತನನ್ನು ನಂಬಿತ್ತು. ಎರಡೂ ಕಡೆಯವರು ಹೇಳಿದ್ದು ಮಾತ್ರ ಒಂದೇ ಮಾತು: ಮುಖ ನೋಡಿದರೆ ಗೊತ್ತಾಗುತ್ತೆ ಅಲ್ವಾ?

ಗೊತ್ತಾಗೋದಿಲ್ಲ. ನನ್ನ ತಕರಾರು ಇಲ್ಲಿಂದಲೇ ಶುರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಗಾದೆ ಹೇಳುತ್ತೇವೆ. ಕ್ಯಾವನಾ ಅಷ್ಟು ಸಿಟ್ಟಾಗಿದ್ದೇ ತಪ್ಪು ಮಾಡಿದ್ದಕ್ಕೆ ಸಾಕ್ಷಿ ಅಂತ ಹಲವರು ಅಂದರು. ನಾನು ಒಪ್ಪುವುದಿಲ್ಲ. ಮಾಡದ ತಪ್ಪಿಗೆ ಹೆಂಡತಿ ಮಕ್ಕಳ ಮುಂದೆ ತಲೆ ತಗ್ಗಿಸಬೇಕಾದವನಿಗೂ ಅಷ್ಟೇ ಸಿಟ್ಟು ಬರುತ್ತದೆ. ನಿಜ ಹೇಳುವವಳಿಗೂ ದನಿ ನಡುಗುತ್ತದೆ, ಅಭ್ಯಾಸ ಮಾಡಿಕೊಂಡು ಬಂದವಳಿಗೂ ನಡುಗಬಹುದು. ಸಾಕ್ಷಿ ಕಟಕಟೆಯಲ್ಲಿ ಹೇಗಿದ್ದ ಅಂತ ಬರೆದಿಡಲು ನಮ್ಮ ಕಾನೂನು ನ್ಯಾಯಾಧೀಶರಿಗೆ ಅವಕಾಶ ಕೊಟ್ಟಿದೆ, ನಿಜ. ಆದರೆ ಬರೀ ಮುಖ ನೋಡಿ ತೀರ್ಪು ಬರೆಯಿರಿ ಅಂತ ಯಾವ ಕಾನೂನೂ ಹೇಳಿಲ್ಲ.

ಹಾಗಾದರೆ ಏನು ನೋಡಬೇಕು? ಪರೀಕ್ಷಿಸಲು ಸಿಗುವ ಮಾತುಗಳನ್ನು. ಅವು ಸಾಮಾನ್ಯವಾಗಿ ಸಣ್ಣವು.

ಮೊದಲು ಫೋರ್ಡ್ ಅವರದ್ದೇ ನೋಡೋಣ. ಮನೆ ಯಾರದ್ದು ಅಂತ ಅವರಿಗೆ ನೆನಪಿಲ್ಲ. ತಾರೀಖು ನೆನಪಿಲ್ಲ. ಅಲ್ಲಿಂದ ಮನೆಗೆ ಯಾರು ಬಿಟ್ಟರು ಅಂತಲೂ ನೆನಪಿಲ್ಲ. ಟ್ರಂಪ್ ಪಕ್ಷದವರಾದ ರಿಪಬ್ಲಿಕನ್ನರ ಪರವಾಗಿ ಪ್ರಶ್ನೆ ಕೇಳಲು ಅರಿಜೋನಾದಿಂದ ಬಂದಿದ್ದ ಪ್ರಾಸಿಕ್ಯೂಟರ್ ರೇಚಲ್ ಮಿಚೆಲ್ ಆಮೇಲೆ ಒಂದು ವರದಿ ಬರೆದರು. ಈ ಸಾಕ್ಷ್ಯ ಇಟ್ಟುಕೊಂಡು ಯಾವ ಪ್ರಾಸಿಕ್ಯೂಟರೂ ಕೇಸು ಹಾಕುವುದಿಲ್ಲ ಅಂದರು. ಕ್ರಿಮಿನಲ್ ಕೇಸಿನ ಮಟ್ಟಿಗೆ ಅದು ಸರಿಯಾದ ಮಾತೇ.

ಆದರೆ ತಾರೀಖು ಮರೆತವರು ಸುಳ್ಳು ಹೇಳುತ್ತಾರೆ ಅನ್ನುವುದು ಸರಿಯಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಅತ್ತೆ ಒಂದು ಪಾಲಿನ ಕೇಸಿನಲ್ಲಿ ಸಾಕ್ಷಿ ಹೇಳಲು ಹೋಗಿದ್ದರು. ನಾನೂ ಜೊತೆಗೆ ಹೋಗಿದ್ದೆ. ಪಾಟಿ ಸವಾಲಿನಲ್ಲಿ ಎದುರು ವಕೀಲರು ಕೇಳಿದರು, ಅಜ್ಜಿ ಹೆಬ್ಬೆಟ್ಟು ಒತ್ತಿದ್ದು ಯಾವ ವರ್ಷ? ಅತ್ತೆಗೆ ಗೊತ್ತಿಲ್ಲ. ಮಳೆಗಾಲವೋ ಬೇಸಿಗೆಯೋ? ಗೊತ್ತಿಲ್ಲ ಸ್ವಾಮಿ. ಆದರೆ ಶಾಯಿ ಒಣಗಿತ್ತು, ಯಾರೋ ಎರಡು ಹನಿ ನೀರು ಹಾಕಿದರು, ಅಜ್ಜಿ ಒತ್ತಿದ ಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಂಡರು, ಆ ಕಲೆ ಕೊನೆವರೆಗೂ ಹೋಗಲಿಲ್ಲ, ಅಷ್ಟು ಹೇಳಿದರು. ಅತ್ತೆ ಹೇಳಿದ್ದೆಲ್ಲ ಇದರಿಂದ ಸಾಬೀತಾಯಿತು ಅಂತಲ್ಲ. ನೆನಪು ಇರುವುದೇ ಹೀಗೆ. ಕ್ಯಾಲೆಂಡರ್ ಹೋಗುತ್ತದೆ, ಕಲೆ ಉಳಿಯುತ್ತದೆ.

ಈಗ ಕ್ಯಾವನಾ ಹೇಳಿದ್ದಕ್ಕೆ ಬರೋಣ. ಆ ಕೋಣೆಯಲ್ಲಿ ಏನಾಯಿತು ಅಂತ ನಾನು ತೀರ್ಪು ಕೊಡಲಾರೆ. ಆದರೆ ಸೆಪ್ಟೆಂಬರ್ 27ರಂದು ಅವರು ಪ್ರಮಾಣ ಮಾಡಿ ಆಡಿದ ಮಾತು ಎಲ್ಲರ ಮುಂದೆ ಇದೆ. ಅದನ್ನು ತೂಗಬಹುದು.

ತಮ್ಮ ಮೊದಲ ಹೇಳಿಕೆಯಲ್ಲೇ ಅವರು ಹೇಳಿದರು: ಈ ಆರೋಪಕ್ಕೆ ಬೆಂಬಲ ಇಲ್ಲ ಅಷ್ಟೇ ಅಲ್ಲ, ಅಲ್ಲಿದ್ದರು ಅಂತ ಆಕೆ ಯಾರ ಹೆಸರು ಹೇಳಿದ್ದಾರೋ ಅವರೇ ಇದನ್ನು ಅಲ್ಲಗಳೆದಿದ್ದಾರೆ, ಆಕೆಯ ಹಳೇ ಗೆಳತಿಯೂ ಸೇರಿ. ಅಲ್ಲಗಳೆದಿದ್ದಾರೆ ಅನ್ನುವ ಮಾತನ್ನು ಒತ್ತಿ, ಎರಡು ಸಲ ಹೇಳಿದರು.

ಆ ಜನ ನಿಜವಾಗಿ ಹೇಳಿದ್ದೇನು? ಕೋಣೆಯಲ್ಲಿದ್ದರು ಅಂತ ಫೋರ್ಡ್ ಹೇಳಿದ್ದ, ಮಾರ್ಕ್ ಜಡ್ಜ್ ಎಂಬ ಸ್ನೇಹಿತ ಬರೆದುಕೊಟ್ಟಿದ್ದು, ಅಂಥ ಘಟನೆಯ ನೆನಪು ತನಗಿಲ್ಲ ಅಂತ. ಕ್ಯಾವನಾ ಹಾಗೆ ನಡೆದುಕೊಂಡಿದ್ದನ್ನು ತಾನು ಕಂಡಿಲ್ಲ ಅಂತಲೂ ಬರೆದರು. ಪಿಜೆ ಎಂಬ ಇನ್ನೊಬ್ಬ ಸ್ನೇಹಿತ, ಅಂಥ ಕೂಟದ ಬಗ್ಗೆ ತನಗೆ ಏನೂ ಗೊತ್ತಿಲ್ಲ ಅಂದರು. ಫೋರ್ಡ್ ಅವರ ಗೆಳತಿ, ಕ್ಯಾವನಾ ಇದ್ದ ಕೂಟಕ್ಕೆ ತಾನು ಹೋದ ನೆನಪೇ ಇಲ್ಲ ಅಂದರು. ಆದರೂ ಫೋರ್ಡ್ ಮಾತನ್ನು ನಂಬುತ್ತೇನೆ ಅಂತ ಆಗಲೇ ಹೇಳಿದ್ದರು. ಮುಂದೆ 2019ರಲ್ಲಿ ಆ ನಂಬಿಕೆ ತನಗೆ ಉಳಿದಿಲ್ಲ ಅಂತ ಅವರೇ ಹೇಳಿದರು, ಅದನ್ನೂ ಮುಚ್ಚಿಡಬಾರದು. ಆದರೆ ವಿಚಾರಣೆಯ ದಿನ ಕ್ಯಾವನಾ ಕೈಯಲ್ಲಿದ್ದದ್ದು ಏನು? ನೆನಪಿಲ್ಲ, ಗೊತ್ತಿಲ್ಲ ಅನ್ನುವ ಮಾತುಗಳು. ಅದನ್ನು ಅವರು ನಡೆದಿಲ್ಲ ಅಂತ ಓದಿ ಹೇಳಿದರು.

ಇದು ಸಣ್ಣ ವಿಷಯ ಅನ್ನಿಸಬಹುದು. ನನಗೆ ಅನ್ನಿಸುವುದಿಲ್ಲ. ಆ ಹೊತ್ತಿಗೆ ಅವರು 12 ವರ್ಷ ಮೇಲ್ಮನವಿ ನ್ಯಾಯಾಲಯದ ಜಡ್ಜ್ ಆಗಿದ್ದವರು. ಸಾಕ್ಷಿಗೆ ನೆನಪಿಲ್ಲ ಅನ್ನುವುದಕ್ಕೂ ಸಾಕ್ಷಿ ಅಲ್ಲಗಳೆದ ಅನ್ನುವುದಕ್ಕೂ ಇರುವ ಅಂತರ ಅವರ ದಿನನಿತ್ಯದ ಕಸುಬು. ಬೇರೆ ಯಾರೋ ಸಿಟ್ಟಿನಲ್ಲಿ ಬಾಯಿ ತಪ್ಪಿ ಹೇಳಿದ್ದರೆ ಬಿಡಬಹುದಿತ್ತು. ಇವರು ಬರೆದುಕೊಂಡು ಬಂದು ಓದಿದರು.

ಕುಡಿತದ ಪ್ರಶ್ನೆಯೂ ಹೀಗೇ. ಆ ಹುಡುಗರು ಕುಡಿದಿದ್ದರು ಅಂತ ಫೋರ್ಡ್ ಹೇಳಿದ್ದರು. ಸೆನೆಟರ್ ಏಮಿ ಕ್ಲೋಬುಚಾರ್ ತಮ್ಮ ತಂದೆಯ ಕುಡಿತದ ಚಟದ ಬಗ್ಗೆ ಹೇಳಿಕೊಂಡು, ಮೆತ್ತಗೆ ಕೇಳಿದರು. ಆಮೇಲೆ ಏನಾಯಿತು ಅಂತ ನೆನಪಿಲ್ಲದಷ್ಟು ಯಾವತ್ತಾದರೂ ಕುಡಿದಿದ್ದೀರಾ? ಕ್ಯಾವನಾ ತಿರುಗಿ ಆಕೆಯನ್ನೇ ಕೇಳಿದರು, ನಿಮಗೆ ಆಗಿದೆಯಾ? ಬಿಡುವಿನ ನಂತರ ಕ್ಷಮೆ ಕೇಳಿದರು, ಅದು ಒಳ್ಳೆಯದು. ಆದರೆ ನಮ್ಮ ಯಾವುದೇ ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ಹಾಗೆ ತಿರುಗಿ ಕೇಳಿದರೆ, ಕೇಳಿದ್ದಕ್ಕೆ ಉತ್ತರ ಕೊಡಪ್ಪ ಅನ್ನುತ್ತಾರೆ ಸಾಹೇಬರು. ಅಲ್ಲಿ ಹಾಗೆ ಹೇಳುವವರು ಯಾರೂ ಇರಲಿಲ್ಲ.

ನನ್ನ ವಾದಕ್ಕೆ ಒಂದು ಎದುರುವಾದ ಇದೆ. ಒಂದು ಮಾತು ಸುಳ್ಳಾದರೆ ಎಲ್ಲವೂ ಸುಳ್ಳು ಅಂತ ತಳ್ಳಿಹಾಕುವ ಪದ್ಧತಿಯನ್ನು ನಮ್ಮ ಸುಪ್ರೀಂ ಕೋರ್ಟೂ ಒಪ್ಪಿಲ್ಲ. ಕಾಳು ಬೇರೆ, ಜೊಳ್ಳು ಬೇರೆ ಮಾಡಿ ನೋಡಿ ಅನ್ನುತ್ತದೆ. ಅದಕ್ಕೇ ನಾನು ಹೇಳುತ್ತಿರುವುದು, ಕ್ಯಾವನಾ ಇಲ್ಲಿ ಮಾತು ತಿರುಚಿದರು ಅಂದಮಾತ್ರಕ್ಕೆ 1982ರಲ್ಲಿ ತಪ್ಪು ಮಾಡಿದ್ದಾರೆ ಅಂತ ಆಗುವುದಿಲ್ಲ. ಸೆನೆಟರ್ ಸೂಸನ್ ಕಾಲಿನ್ಸ್ ಅಕ್ಟೋಬರ್ 5ರಂದು ದೀರ್ಘವಾಗಿ ಮಾತಾಡಿ, ಆರೋಪ ನಿಜವಿರುವ ಸಾಧ್ಯತೆಯೇ ಹೆಚ್ಚು ಅನ್ನುವಷ್ಟಾದರೂ ಪುರಾವೆ ಬೇಕು, ಅದಿಲ್ಲ ಅಂದರು. 1982ರ ಮಟ್ಟಿಗೆ ಆ ಅಳತೆಗೋಲು ನ್ಯಾಯವಾದದ್ದೇ. ಆದರೆ ಆ ದಿನ ಸೆನೆಟ್ ಮುಂದೆ ಇದ್ದದ್ದು ಒಂದೇ ಪ್ರಶ್ನೆಯಲ್ಲ. ಪ್ರಮಾಣ ಮಾಡಿ ಕೂತಾಗ ಈ ಮನುಷ್ಯ ನೇರವಾಗಿ ಮಾತಾಡಿದನೇ ಅನ್ನುವುದೂ ಇತ್ತು. ಅದಕ್ಕೆ 36 ವರ್ಷ ಹಿಂದಿನ ಸಾಕ್ಷಿ ಬೇಕಿರಲಿಲ್ಲ. ಆ ದಿನದ ವಿಡಿಯೋ ಸಾಕಿತ್ತು.

1991ರಲ್ಲೂ ಇದೇ ಸಮಿತಿ, ಸುಪ್ರೀಂ ಕೋರ್ಟಿಗೆ ಹೆಸರಿಸಲಾಗಿದ್ದ ಕ್ಲಾರೆನ್ಸ್ ಥಾಮಸ್ ವಿರುದ್ಧ ಅವರ ಕೈಕೆಳಗೆ ಕೆಲಸ ಮಾಡಿದ್ದ ಅನಿತಾ ಹಿಲ್ ಹೇಳಿದ ಲೈಂಗಿಕ ಕಿರುಕುಳದ ಆರೋಪ ಕೇಳಿತ್ತು. ಆಗ ಸಮಿತಿಯ ಅಧ್ಯಕ್ಷರಾಗಿದ್ದವರು ಜೋ ಬೈಡನ್. ಆಕೆಯ ಹೇಳಿಕೆಯನ್ನು ತಾನು ಕೇಳಿಸಿಕೊಳ್ಳಲೇ ಇಲ್ಲ ಅಂದ ಥಾಮಸ್, ಅದೆಲ್ಲವನ್ನೂ ನಿರಾಕರಿಸಿದರು. ಥಾಮಸ್ ಕೈಕೆಳಗೆ ಕೆಲಸ ಮಾಡಿದ್ದ ಇನ್ನೊಬ್ಬ ಮಹಿಳೆಯನ್ನು ಸಮಿತಿ ಎಲ್ಲರೆದುರು ಕರೆಯಲೇ ಇಲ್ಲ. 52ಕ್ಕೆ 48 ಮತಗಳಲ್ಲಿ ಥಾಮಸ್ ನೇಮಕ ಮುಗಿಯಿತು. 2018ರಲ್ಲಿ ರಿಪಬ್ಲಿಕನ್ ಸೆನೆಟರ್ ಜೆಫ್ ಫ್ಲೇಕ್ ಹಟ ಹಿಡಿದಿದ್ದಕ್ಕೆ ಅಲ್ಲಿನ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐಗೆ ವಿಚಾರಿಸಲು ಒಂದು ವಾರ ಸಿಕ್ಕಿತು. ಅವರು ಮಾತಾಡಿಸಿದ್ದು 10 ಜನರನ್ನು. ಅದರಲ್ಲಿ ಫೋರ್ಡ್ ಇಲ್ಲ, ಕ್ಯಾವನಾನೂ ಇಲ್ಲ.

ನಮ್ಮಲ್ಲಂತೂ ಇಷ್ಟೂ ಇಲ್ಲ. 2009ರಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಪಿ.ಡಿ. ದಿನಕರನ್ ಹೆಸರು ಸುಪ್ರೀಂ ಕೋರ್ಟಿಗೆ ಹೋದಾಗ ಜಮೀನು ಒತ್ತುವರಿಯ ಆರೋಪ ಎದ್ದಿತು. ಅವರು ಅಲ್ಲ ಅಂದರು. 2011ರಲ್ಲಿ ರಾಜೀನಾಮೆ ಕೊಟ್ಟರು. ಅವರನ್ನು ಎದುರಿಗೆ ಕೂರಿಸಿ ಪ್ರಶ್ನೆ ಕೇಳಿದ್ದನ್ನು ನೀವು ನಾನು ನೋಡಲಿಲ್ಲ. ಅಮೆರಿಕದವರಿಗೆ ನೋಡುವ ಅವಕಾಶ ಸಿಕ್ಕಿತ್ತು. ಅದಕ್ಕೇ ಅವರು ಅದನ್ನು ಕೈಚೆಲ್ಲಿದ್ದು ನನಗೆ ಇಷ್ಟು ನೋವು ಕೊಡುತ್ತದೆ.

ಕೊನೆಗೆ ಆ ಕ್ಯಾಲೆಂಡರ್. 1982ರ ತಮ್ಮ ಕ್ಯಾಲೆಂಡರನ್ನು ಕ್ಯಾವನಾ ತಾವೇ ಸಮಿತಿಗೆ ಕೊಟ್ಟಿದ್ದರು, ಇಂಥ ಕೂಟ ಇದರಲ್ಲಿ ಇಲ್ಲ ಅಂತ. ಜುಲೈ 1ರ ಚೌಕದಲ್ಲಿ ಅವರದೇ ಕೈಬರಹ ಇದೆ. ಒಬ್ಬ ಸ್ನೇಹಿತನ ಮನೆಗೆ ಹೋಗುವುದು, ಜೊತೆಗೆ ಕೆಲವರ ಹೆಸರು. ಅದರಲ್ಲಿ ಮಾರ್ಕ್ ಜಡ್ಜ್ ಇದ್ದಾರೆ, ಪಿಜೆ ಇದ್ದಾರೆ. ಫೋರ್ಡ್ ಹೇಳಿದ್ದ ಹೆಸರುಗಳೇ. ಅದೇ ದಿನ ಅಂತ ಇದರಿಂದ ಹೇಳಲಾಗದು. ಹೆಸರುಗಳ ಪಟ್ಟಿ ಉದ್ದ ಇದೆ, ಹುಡುಗಿಯರ ಹೆಸರು ಇಲ್ಲ. ಆದರೆ ಕೇಳಬೇಕಾದ ಪ್ರಶ್ನೆ ಅಲ್ವಾ? ಮಿಚೆಲ್ ಕೇಳಲು ಶುರು ಮಾಡಿದ್ದರು. ಒಂದೊಂದೇ ಹೆಸರು ಓದಿಸುತ್ತಿದ್ದರು. ಆ ಸುತ್ತಿಗೆ ಅವರಿಗೆ ಸಿಕ್ಕಿದ್ದ ಐದು ನಿಮಿಷ ಮುಗಿಯಿತು. ಸ್ವಲ್ಪ ಹೊತ್ತಿಗೆ ರಿಪಬ್ಲಿಕನ್ ಸೆನೆಟರ್ ಲಿಂಡ್ಸೆ ಗ್ರಹಾಂ ಮೈಕ್ ಹಿಡಿದು ಕೂಗಾಡಿದರು. ಅದರ ನಂತರ ರಿಪಬ್ಲಿಕನ್ ಸೆನೆಟರುಗಳು ತಾವೇ ಮಾತಾಡಿದರು, ಮಿಚೆಲ್ ಸುಮ್ನೆ ಕೂತಿದ್ದರು. ಆ ಚೌಕದ ಬಗ್ಗೆ ಅವರು ಮತ್ತೆ ಕೇಳಲಿಲ್ಲ. ಅಕ್ಟೋಬರ್ 6ರಂದು ಸೆನೆಟ್‌ನಲ್ಲಿ ನೇಮಕದ ಪರ 50, ವಿರುದ್ಧ 48 ಮತ ಬಿತ್ತು. ಅದೇ ಸಂಜೆ ಕ್ಯಾವನಾ ಪ್ರಮಾಣವಚನ ತೆಗೆದುಕೊಂಡರು.