ಕ್ಯಾಶೆಲ್‌ನ ಬಂಡೆ, ಕೇರ್‌ನ ಕೋಟೆ

ಕೇಳುಗರೇ, ಐರ್ಲೆಂಡಿನ ದಕ್ಷಿಣ ಭಾಗ ನೋಡಲು ನಿಮಗೆ ಒಂದೇ ದಿನ ಸಿಕ್ಕಿದ್ದರೆ ಟಿಪ್ಪರರಿ ಕೌಂಟಿಗೆ ಹೋಗಿ. ಡಬ್ಲಿನ್‌ನಿಂದ ಕಾರ್ಕ್‌ಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲೇ ಕ್ಯಾಶೆಲ್ ಮತ್ತು ಕೇರ್ ಎಂಬ ಊರುಗಳಿವೆ. ನಡುವಿನ ದಾರಿ ಸುಮಾರು 18 ಕಿಲೋಮೀಟರ್. ಬೋರ್ಡಿನಲ್ಲಿ ‘ಕಾಹಿರ್’ ಎಂದು ಓದಿಕೊಂಡೀರಿ, ಅಲ್ಲಿನವರ ಬಾಯಲ್ಲಿ ಅದು ಕೇರ್.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಕ್ಯಾಶೆಲ್ ಬಂಡೆ ಹತ್ತಿ. ದಕ್ಷಿಣ ಐರ್ಲೆಂಡಿನ ಮನ್‌ಸ್ಟರ್ ಪ್ರಾಂತ್ಯದ ಅರಸರ ಗದ್ದುಗೆಯಾಗಿದ್ದ ಈ ಸುಣ್ಣಕಲ್ಲಿನ ಗುಡ್ಡ 1101ರಲ್ಲಿ ಚರ್ಚಿಗೆ ದಾನವಾಯಿತು. ಟಿಕೆಟ್ ಕೊಳ್ಳುವಾಗ ಮೊದಲು ಬಂಡೆಯ ಮೇಲಿರುವ ಪುಟ್ಟ ಚರ್ಚು ಕಾರ್ಮ್ಯಾಕ್ ಚಾಪೆಲ್ ಬಗ್ಗೆ ಕೇಳಿ. ಗೈಡ್ ಜೊತೆಯಲ್ಲೇ ಒಳಗೆ ಬಿಡುತ್ತಾರೆ, ಅದೂ ಒಂದು ತಂಡಕ್ಕೆ ಕೆಲವರನ್ನಷ್ಟೇ. ತಡವಾಗಿ ಬಂದರೆ ಜಾಗ ಸಿಗದೆ ಹೋಗಬಹುದು.

ಇಷ್ಟು ಬಿಗಿ ಯಾಕೆಂದರೆ, 1134ರಲ್ಲಿ ಪ್ರತಿಷ್ಠೆಯಾದ ಈ ಚಾಪೆಲ್ ಮರಳುಗಲ್ಲಿನದು. ಮರಳುಗಲ್ಲು ಮಳೆನೀರನ್ನು ಹೀರುತ್ತದೆ, ಚಾವಣಿಯೂ ಕಲ್ಲಿನದೇ. ತೇವ ಒಳಗಿಳಿದು ಗೋಡೆಚಿತ್ರಗಳು ಹಾಳಾಗತೊಡಗಿದಾಗ, ಇಡೀ ಕಟ್ಟಡಕ್ಕೆ ಸಾರುವೆ ಕಟ್ಟಿ, ಮೇಲೆ ಮರೆ ಹೊದಿಸಿ, ವರ್ಷಗಟ್ಟಲೆ ಆರಲು ಬಿಟ್ಟರು. ಅವಸರದಲ್ಲಿ ಒಣಗಿಸುವಂತಿಲ್ಲ: ಕಲ್ಲಿನೊಳಗಿನ ಉಪ್ಪು ಹೊರಗೆ ಬಂದು ಬಣ್ಣವನ್ನೇ ಎಬ್ಬಿಬಿಡುತ್ತದೆ. ನಮ್ಮ ಉಸಿರಿನ ತೇವವೂ ಆ ಚಿತ್ರಗಳಿಗೆ ಕೇಡೇ. ಉತ್ತರದ ಬಾಗಿಲ ನೆತ್ತಿಯನ್ನು ಮರೆಯದೆ ನೋಡಿ. ಅರ್ಧ ಮನುಷ್ಯ, ಅರ್ಧ ಕುದುರೆಯಾದ ಬಿಲ್ಲುಗಾರನೊಬ್ಬ ದೊಡ್ಡ ಸಿಂಹವೊಂದಕ್ಕೆ ಗುರಿಯಿಟ್ಟಿದ್ದಾನೆ. ಒಂಬತ್ತು ಶತಮಾನ ಕಳೆದರೂ ಬಿಲ್ಲಿನ ಬಿಗಿ ಸಡಿಲವಾಗಿಲ್ಲ.

ಪಕ್ಕದ ದೊಡ್ಡ ಕ್ಯಾಥೆಡ್ರಲ್‌ಗೆ ಚಾವಣಿಯಿಲ್ಲ. ಗಾಳಿ ಜೋರು, ಕೊಡೆ ಮಗುಚಿಕೊಳ್ಳುತ್ತದೆ. ಟೋಪಿಯಿರುವ ಮಳೆಕೋಟು, ಜಾರದ ಬೂಟು ಇರಲಿ. ಆಮೇಲೆ ಕೆಳಗಿನ ಹೊಲದಲ್ಲಿರುವ ಹೋರ್ ಅಬ್ಬಿಗೆ ನಡೆಯಿರಿ. 1272ರಲ್ಲಿ ಸಿಸ್ಟರ್ಸಿಯನ್ ಸನ್ಯಾಸಿಗಳಿಗೆ ಕೊಟ್ಟ ಮಠ ಅದು, ಪ್ರವೇಶಕ್ಕೆ ಹಣವಿಲ್ಲ. ಇಡೀ ಬಂಡೆ ಫೋಟೊಗೆ ಚೆನ್ನಾಗಿ ಒದಗುವುದು ಅಲ್ಲಿಂದಲೇ, ಮೇಲಿಂದಲ್ಲ.

ಮಧ್ಯಾಹ್ನ ಕೇರ್ ಕೋಟೆ. ಷೂರ್ ನದಿಯ ನಡುವಿನ ಬಂಡೆದಿಣ್ಣೆಯ ಮೇಲೆ ಕಟ್ಟಿದ್ದಾರೆ. ಹೆಬ್ಬಾಗಿಲಲ್ಲಿ ಮೇಲಿಂದ ಕೆಳಗಿಳಿಯುವ ಜಾಲರಿಬಾಗಿಲನ್ನು ನಿಂತು ನೋಡಿ. 1599ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್‌ಳ ದಂಡನಾಯಕ, ಎಸೆಕ್ಸ್‌ನ ಅರ್ಲ್‌ನ ಸೇನೆ ಫಿರಂಗಿ ತಂದು ಈ ಕೋಟೆಯನ್ನು ಹಿಡಿಯಿತು; ಆಗ ಹೊಡೆದ ಗುಂಡೊಂದು ಇನ್ನೂ ಗೋಡೆಯಲ್ಲಿ ಕೂತಿದೆ. ಸುಮ್ಮನೆ ಹುಡುಕಿದರೆ ಕಣ್ಣಿಗೆ ಬೀಳುವುದಿಲ್ಲ, ಸಿಬ್ಬಂದಿಯನ್ನು ಕೇಳಿ. ಸುರುಳಿ ಮೆಟ್ಟಿಲು ಇಕ್ಕಟ್ಟು, ಬೆನ್ನಚೀಲ ಹಗುರವಾಗಿರಲಿ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲು ಕವಿಯುತ್ತದೆ. ಜೂನಿನಲ್ಲಾದರೆ ಕೋಟೆ ಮುಚ್ಚಿದ ಮೇಲೂ ನದಿದಂಡೆಯಲ್ಲಿ ನಡೆಯಲು ಗಂಟೆಗಟ್ಟಲೆ ಬೆಳಕಿರುತ್ತದೆ.